ಪೂವಪ್ಪನ ಮಗಳ ಮ್ಯಾಂಡೊಲಿನ್

ಆ ವರ್ಷ ಭಾನುವಾರ ಬಂತೆಂದರೆ ಗದಿಗೆಪ್ಪನಿಗೆ ಬೆಳಗ್ಗೆಯೇ ತಲೆ ಸಿಡಿಯಲು ಶುರುವಾಗುತ್ತಿತ್ತು. ಒಂಬತ್ತಕ್ಕೆ ಸರಿಯಾಗಿ ಸಯನ್‌ನಿಂದ ಪೂವಪ್ಪ ಬಂದು ಕೂರುತ್ತಿದ್ದ, ಊಟದ ಹೊತ್ತಿಗೆ ಏಳುತ್ತಿದ್ದ. ಅಷ್ಟು ಹೊತ್ತೂ ಅವನ ಬಾಯಿಗೆ ಬಿಡುವಿರುತ್ತಿರಲಿಲ್ಲ.

ಗದಿಗೆಪ್ಪ ವಿಜಾಪುರದ ಕಡೆಯವನು. ಮೀರಜಿನಲ್ಲಿ ತಂಬೂರಿ, ಸಿತಾರ ಮಾಡುವುದನ್ನು ಕಲಿತು ಮುಂಬಯಿಗೆ ಬಂದಿದ್ದ. ಇಲ್ಲಿ ಗೋವೆಯ ಒಬ್ಬ ಮುದುಕನ ಕೈಕೆಳಗೆ ಐದು ವರ್ಷ ದುಡಿದು, ಹಳೆಯ ಪದ್ಧತಿಯ, ಸೋರೆಬುರುಡೆಯಂತೆ ಬೆನ್ನು ಉಬ್ಬಿದ ಮ್ಯಾಂಡೊಲಿನ್ ಮಾಡುವುದನ್ನೂ ಕೈವಶ ಮಾಡಿಕೊಂಡಿದ್ದ. ಕುರ್ಲಾದ ಚಾಳಿನಲ್ಲಿ ಅವನಿಗೂ ಹೆಂಡತಿ ರಾಚವ್ವನಿಗೂ ಇದ್ದದ್ದು ಒಂದೇ ಖೋಲಿ. ಅದರ ಅರ್ಧ ಅಡುಗೆಗೆ, ಅರ್ಧ ಮರಕ್ಕೆ.

ಪೂವಪ್ಪ ಹೋಟೆಲೊಂದರ ಮ್ಯಾನೇಜರ್. ಮಗಳು ವಿನೋದಿನಿ ವಿಕ್ರೋಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಟೈಪಿಸ್ಟ್. ಅವರ ಬಿಲ್ಡಿಂಗಿನಲ್ಲೇ ಇದ್ದ ಮಾಸ್ತರೊಬ್ಬರು ಅವಳಿಗೆ ತಮ್ಮ ಮ್ಯಾಂಡೊಲಿನ್ ಕೊಟ್ಟು ಮೂರು ವರ್ಷ ಕಲಿಸಿದ್ದರು. ಅವರು ವಾದ್ಯ ಕಟ್ಟಿಕೊಂಡು ಊರಿಗೆ ಹೋದ ಮೇಲೆ ಹುಡುಗಿ ಊಟ ಬಿಟ್ಟವಳಂತೆ ಸೊರಗಿದಳಂತೆ. ಹಾಗಾಗಿ ಪೂವಪ್ಪ ಗದಿಗೆಪ್ಪನನ್ನು ಹುಡುಕಿಕೊಂಡು ಬಂದಿದ್ದ.

ಕೆಲಸ ಮೊದಲೇ ಹಟಮಾರಿ. ಬೀಟೆಮರದ ಹದಿನೇಳು ತೆಳು ಪಟ್ಟಿಗಳನ್ನು ಕಾದ ಕಬ್ಬಿಣದ ಕೊಳವೆಯ ಮೇಲೆ ಒಂದೊಂದಾಗಿ ಬಾಗಿಸಿ, ಅಚ್ಚಿನ ಮೇಲೆ ಅಂಚಿಗೆ ಅಂಚು ಕೂಡಿಸಬೇಕು. ಐದು ಪಟ್ಟಿಗಳು ಮುರಿದೇಹೋದವು. ಮಳೆ ಹಿಡಿದ ಮೇಲೆ ಅಂಟು ಒಣಗಲಿಲ್ಲ. ಅದು ಚರ್ಮ ಕುದಿಸಿ ಮಾಡುವ ಸರೇಸು. ತನ್ನ ಒಲೆಯ ಪಕ್ಕ ಅದು ಕುದಿಯುವುದನ್ನು ಕಂಡು ರಾಚವ್ವ ಎರಡು ದಿನ ಮಾತು ಬಿಟ್ಟಳು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಬಾಗಿಲಿಗೆ ಬಂದರು.

ಇವೆಲ್ಲದರ ನಡುವೆ ಪೂವಪ್ಪನ ಉಪದೇಶ. ಪಟ್ಟಿ ಇನ್ನೂ ದಪ್ಪ ಇರಲಿ, ಪಾಲಿಶ್ ಇನ್ನೂ ಕೆಂಪಗಿರಲಿ, ಬೆನ್ನು ಅಷ್ಟು ಉಬ್ಬಿದರೆ ಮಡಿಲಲ್ಲಿ ಜಾರುವುದಿಲ್ಲವೇ. ಅಪ್ಪನ ಜೊತೆ ಬರುತ್ತಿದ್ದ ವಿನೋದಿನಿ ಗೋಡೆಗೆ ಒರಗಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಒಂದೆರಡು ಸಲ ಅವಳು ‘ಮೇಸ್ತ್ರಿಗಳೇ’ ಎಂದು ಬಾಯಿ ತೆರೆದದ್ದುಂಟು. ಒಮ್ಮೆ ಅಪ್ಪ ನಡುವೆ ಬಾಯಿ ಹಾಕಿದ. ಇನ್ನೊಮ್ಮೆ ಗದಿಗೆಪ್ಪನೇ, ಅಪ್ಪನದು ಸಾಲದು ಅಂತ ಮಗಳದೂ ಕೇಳಬೇಕೇನು ಎಂದು ಸಿಡುಕಿದ. ಅವಳು ಮತ್ತೆ ಮಾತಾಡಲಿಲ್ಲ.

ಮೇಲುಹಲಗೆಗೆ ಹಳೆಯ ಪಿಯಾನೋ ಒಂದರಿಂದ ಬಿಚ್ಚಿದ ಹಗುರ ಮರ ಸಿಕ್ಕಿತು. ಅದರ ಒಳಬದಿಗೆ, ದಪ್ಪ ತಂತಿಗಳು ಬರುವ ಕಡೆ ಹೆಚ್ಚು ಬಲವಾಗಿರುವಂತೆ, ಒಂದು ಪಟ್ಟಿಯನ್ನು ಓರೆಯಾಗಿ ಅಂಟಿಸಿದ. ಹೊರಗೆ, ಮೀಟುವಾಗ ಕಡ್ಡಿ ತಗುಲುವ ಜಾಗದಲ್ಲಿ ಕರಿಮರದ ತುಂಡನ್ನು ಕೆತ್ತಿ ಕೂರಿಸಿದ. ನಾಲ್ಕು ತಿಂಗಳಾದ ಮೇಲೆ ಎಂಟು ತಂತಿ ಏರಿಸಿ ಶ್ರುತಿ ಮಾಡಿ, ಭಾನುವಾರ ವಿನೋದಿನಿಯ ಕೈಗೆ ಕೊಟ್ಟ.

ಅವಳು ವಾದ್ಯವನ್ನು ತಿರುಗಿಸಿ ಹಿಡಿದಳು. ಕುತ್ತಿಗೆ ಬಲಗೈಯಲ್ಲಿ, ಕಡ್ಡಿ ಎಡಗೈಯಲ್ಲಿ. ಮೇಲಿರಬೇಕಾದ ದಪ್ಪ ತಂತಿಗಳು ಕೆಳಗಾದವು. ಒಮ್ಮೆ ಮೀಟಿ, ಕೆಳಗಿಟ್ಟಳು.

ಗದಿಗೆಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ಎಡಗೈಯಲ್ಲಿದ್ದ ಕಡ್ಡಿ ಕಣ್ಣಿಗೆ ಬಿತ್ತು.

“ಎಡಚಿ ಅಂತ ಹೇಳಾಕ ಏನಾಗಿತ್ತವಾ ನಿನಗ?” ಎಂದ.

“ಹೇಳ್ಲಿಕ್ಕೆ ಹೋದೆ. ಯಾರೂ ಬಿಡಲಿಲ್ಲ,” ಎಂದಳು ವಿನೋದಿನಿ. “ಮಾಸ್ತರ್ರು ನನಗೆ ಅಂತ ತಂತಿ ತಿರುಗಿಸಿ ಕಟ್ಟಿ ಕೊಟ್ಟಿದ್ರು. ಅಪ್ಪನಿಗೆ ಗೊತ್ತುಂಟು.”

ಗದಿಗೆಪ್ಪ ಪೂವಪ್ಪನ ಕಡೆ ತಿರುಗಿದ. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಮನುಷ್ಯನಿಗೆ ಮಾತು ತಡವರಿಸಿತು. ನಿಧಾನವಾಗಿ ವಿಷಯ ಹೊರಬಂತು. ಉಣ್ಣುವುದಕ್ಕೆ, ಬರೆಯುವುದಕ್ಕೆ ಅವಳಿಗೆ ಬಲಗೈ ಅಭ್ಯಾಸ ಮಾಡಿಸಿ ಆಗಿತ್ತಂತೆ. ಇದೊಂದು ಉಳಿದಿತ್ತು. ಬಲಗೈಯ ವಾದ್ಯವೇ ಎದುರಿಗಿದ್ದರೆ ತಾನಾಗಿ ಸರಿಹೋಗುತ್ತದೆ ಎಂದುಕೊಂಡಿದ್ದನಂತೆ. ನಾಳೆ ಹೆಣ್ಣು ನೋಡಲು ಬಂದವರ ಮುಂದೆ ಎಡಗೈ ಎತ್ತಿದರೆ ಏನು ಚಂದ?

“ಔಷಧ ಬೇಕಾಗಿದ್ರ ದವಾಖಾನಿಗೆ ಹೋಗಬೇಕಿತ್ರಿ ಸಾಹೇಬ್ರ,” ಎಂದ ಗದಿಗೆಪ್ಪ. “ನಾ ಬಡಿಗ್ಯಾ ಅದೀನಿ.”

ಪೂವಪ್ಪ ಎದ್ದು, ಚಪ್ಪಲಿ ಮೆಟ್ಟಿ, ಮಗಳನ್ನು ಕರೆದ. ಅವಳು ಏಳಲಿಲ್ಲ. ಲೋಕಲ್ ರೈಲು ಹಿಡಿದು ತಾನೇ ಬರುತ್ತೇನೆ ಎಂದಳು. ಅವನು ಒಬ್ಬನೇ ಹೋದ.

ತಂತಿ ಅದಲುಬದಲು ಮಾಡಿ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ರಾಚವ್ವನೂ ಅದನ್ನೇ ಹೇಳಿದಳು. ಆದರೆ ಒಳಗಿನ ಪಟ್ಟಿ ತಪ್ಪು ಮಗ್ಗುಲಿಗೆ ಗಟ್ಟಿಯಾಗಿತ್ತು, ಕರಿಮರದ ತುಂಡು ತಪ್ಪು ಜಾಗದಲ್ಲಿತ್ತು. ಅದು ತನಗೆ ಗೊತ್ತಿದ್ದೂ ಹಾಗೆಯೇ ಕೊಟ್ಟುಬಿಡುವುದು ಗದಿಗೆಪ್ಪನಿಂದ ಆಗಲಿಲ್ಲ. ಆ ಬಗ್ಗೆ ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬೈದುಕೊಳ್ಳುತ್ತಲೇ ಚಾಕು ಕಾಯಿಸಿ, ಅಂಟು ಕರಗಿಸುತ್ತ, ಎರಡು ದಿನ ಕೂತು ಮೇಲುಹಲಗೆಯನ್ನು ಎಬ್ಬಿಸಿದ. ಒಂದು ಮೂಲೆ ಸೀಳಿತು. ಅದನ್ನು ಕೂಡಿಸಲು ಮತ್ತೊಂದು ವಾರ.

ಮುಂದಿನ ಮೂರು ಭಾನುವಾರ ವಿನೋದಿನಿ ಒಬ್ಬಳೇ ಬಂದಳು. ಗದಿಗೆಪ್ಪ ಈಗ ಪ್ರತಿಯೊಂದನ್ನೂ ಕೇಳಿಯೇ ಮಾಡಿದ. ಕುತ್ತಿಗೆ ಅಂಗೈಗೆ ದಪ್ಪವಾಯಿತೇ, ತಂತಿಗಳನ್ನು ಹೊರುವ ಕುದುರೆ ಎತ್ತರವಾಯಿತೇ ಎಂದು. ಅವಳು ಯೋಚಿಸಿ, ಚಿಕ್ಕದಾಗಿ ಉತ್ತರ ಕೊಡುತ್ತಿದ್ದಳು, ಅವಳು ಹೇಳಿದ್ದು ಪ್ರತಿಸಲವೂ ಸರಿಯಿರುತ್ತಿತ್ತು. ಮೊದಲೇ ಕೇಳಿದ್ದರೆ ಇಷ್ಟೆಲ್ಲ ಇರುತ್ತಿರಲಿಲ್ಲ ಎಂದು ರಾಚವ್ವ ಒಲೆಯ ಬಳಿಯಿಂದಲೇ ಅಂದಳು. ಅವನು ಕೇಳಿಸದವನಂತೆ ಉಜ್ಜುತ್ತ ಕೂತ.

ಕೊನೆಯ ಭಾನುವಾರ ಅವಳು ಅರ್ಧ ಗಂಟೆ ನುಡಿಸಿದಳು. ಸರೇಸಿನ ವಾಸನೆಗೆ ಜಗಳ ತೆಗೆದಿದ್ದವರೆಲ್ಲ ಬಂದು ಬಾಗಿಲಿಗೆ ಅಡ್ಡ ನಿಂತರು. ರಾಚವ್ವ ಕೈಯಲ್ಲಿದ್ದ ಹಿಟ್ಟು ಒಣಗುವವರೆಗೂ ಕೇಳಿದಳು. ಗದಿಗೆಪ್ಪ, ಮೂರನೇ ಜೋಡಿ ತಂತಿಯ ಶ್ರುತಿ ಸ್ವಲ್ಪ ಇಳಿದಿದೆ ಎಂದಷ್ಟೇ ಹೇಳಿದ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ, ಒಂಬತ್ತಕ್ಕೆ ಸರಿಯಾಗಿ, ಪೂವಪ್ಪ ಬಂದ. ಜೊತೆಗೆ ಹೋಟೆಲಿನ ಗಿರಾಕಿಯೊಬ್ಬರನ್ನು ಕರೆತಂದಿದ್ದ. ಅವರ ಮಗನಿಗೂ ಮ್ಯಾಂಡೊಲಿನ್ ಬೇಕಿತ್ತು. ಎಡಗೈಯ ವಾದ್ಯ ಮಾಡುವವರು ಮುಂಬಯಿಯಲ್ಲೇ ಅಪರೂಪ, ತಾನು ಎದುರಿಗೆ ಕೂತು ಹೀಗೀಗೆ ಎಂದು ಹೇಳಿ ಮಾಡಿಸಿದ್ದು ಎಂದು ಅವನು ಅವರಿಗೆ ವಿವರಿಸುತ್ತಿದ್ದ. ಗದಿಗೆಪ್ಪ ಹೆಂಡತಿಯ ಮುಖ ನೋಡಿದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಒಲೆಯ ಕಡೆ ತಿರುಗಿದಳು. ಅವನು ಪೂವಪ್ಪನನ್ನು ಬಿಟ್ಟು, ಆ ಗಿರಾಕಿಗೆ, ನುಡಿಸುವ ಮಗನನ್ನೇ ಮೊದಲು ಕರೆದುಕೊಂಡು ಬರಲು ಹೇಳಿದ.