ರೀತಳ ಪಕ್ಕದ ಜಾಗ

"ಕೆಂಪು ಸಂಘ ಬಿಡದೋರಿಗೆ ಚರ್ಚಿನ ಮಣ್ಣೂ ಇಲ್ಲ ಅಂತ ಬಿಷಪ್ಪರುಗಳೇ ಸಾರಿಬಿಟ್ಟಿದ್ದಾರೆ. ನಿನ್ನ ಗಂಡನಿಗೆ ಬುದ್ಧಿ ಹೇಳೇ," ಎಂದಳು ನಾದಿನಿ ಯೊಹಾನ, ಕಾಫಿ ಹೀರುತ್ತ.

"ನಿನ್ನಣ್ಣ ತಾನೇ, ನೀನೇ ಹೇಳು," ಎಂದಳು ದೀನೆ. "ಹೇಳೀ ಹೇಳೀ ನನ್ನ ನಾಲಿಗೆ ಸವೆದುಹೋಗಿದೆ."

ದೀನೆಯ ಗಂಡ ಗ್ರಾದುಸ್ ಎನ್ಸ್ಖೆಡೆ ಊರಿನ ಬಟ್ಟೆ ಮಿಲ್ಲಿನಲ್ಲಿ ನೇಯ್ದೂ ನೇಯ್ದೂ ಎದೆಯೊಳಗೆಲ್ಲ ಹತ್ತಿಯ ಧೂಳು ತುಂಬಿಕೊಂಡವನು. ಡಾಕ್ಟರು ಕೈಚೆಲ್ಲಿದ್ದರು. ದೀನೆಗೆ ಈಗ ಸಾವಿಗಿಂತ ಮಣ್ಣಿನದೇ ಚಿಂತೆ. ಮಗಳು ರೀತ್ ಚಿಕ್ಕಂದಿನಲ್ಲೇ ಹೋಗಿ ಚರ್ಚಿನ ಹಿಂದೆ ಮಲಗಿದ್ದಾಳೆ; ಅವಳ ಎಡಬಲ ಅಪ್ಪ ಅಮ್ಮನಿಗೆಂದೇ ಖಾಲಿ ಇದೆ. ಸಮಾಜವಾದಿಗಳ ಆ ಕೆಂಪು ಕಾರ್ಮಿಕ ಸಂಘದಲ್ಲಿದ್ದುಕೊಂಡೇ ಕಣ್ಣುಮುಚ್ಚಿದರೆ ಗ್ರಾದುಸನಿಗೆ ಬೇಲಿಯಾಚೆ, ತೀರ್ಥ ಬೀಳದ ಮೂಲೆಯೇ ಗತಿ.

ಕೊನೆಗೆ ಆಕೆ ಪಾದ್ರಿಗಳಲ್ಲಿಗೆ ಹೋಗಿ ಸುಳ್ಳು ಹೇಳಿದಳು: "ಸಂಘ ಬಿಟ್ಟಿದ್ದಾನೆ ಫಾದರ್, ಬನ್ನಿ."

ಎಳೆಯ ಪಾದ್ರಿ ಸೈಕಲ್ಲೇರಿ ಬಂದರು. ಮಂಚದ ಬಳಿ ಬಿಳಿ ಬಟ್ಟೆ ಹಾಸಿ, ಮೇಣದ ಬತ್ತಿ ಹಚ್ಚಿಟ್ಟಿದ್ದಳು.

"ಸಂಘ ಬಿಟ್ಟಿರಂತೆ, ಬಹಳ ಸಂತೋಷ," ಎಂದು ಪಾದ್ರಿ, ಸಾಯುವವರ ಹಣೆಗೆ ಹಚ್ಚುವ ಪವಿತ್ರ ಎಣ್ಣೆಯ ಡಬ್ಬಿ ತೆಗೆದರು.

ಗ್ರಾದುಸ್ ಹೆಂಡತಿಯ ಕಡೆ ತಿರುಗಿದ. "ಅಯ್ಯೋ ದೀನೆ! ಸುಳ್ಳು ಹೇಳೋದಕ್ಕೂ ಅಭ್ಯಾಸ ಬೇಕು ಕಣೆ. ಕಿವಿ ನೋಡ್ಕೊ, ಬೀಟ್‌ರೂಟ್ ಆಗಿದೆ."

ಪಾದ್ರಿ ದನಿ ತಗ್ಗಿಸಿದರು. "ಬಾಯಿಬಿಟ್ಟು ಹೇಳೋದೇನೂ ಬೇಡ. ಒಂದು ಸಲ ತಲೆ ಆಡಿಸಿ, ಸಾಕು."

"ಮಿಲ್ಲಿನೋರು ಗೇಟಿಗೆ ಬೀಗ ಜಡಿದಾಗ, ಆ ಚಳಿಗಾಲವೆಲ್ಲ ನಮ್ಮ ರೀತ್‌ಗೆ ಹಾಲು ತಂದು ಕುಡಿಸಿದೋರು ಆ ಸಂಘದೋರು. ಹೇಗೆ ಆಡಿಸಲಿ ಫಾದರ್?"

ಪಾದ್ರಿ ಕಾದರು. ದಿಂಬಿನ ಮೇಲಿನ ತಲೆ ಕದಲಲಿಲ್ಲ. ಅವರು ಡಬ್ಬಿ ಮುಚ್ಚಿ ಜೇಬಿಗಿಟ್ಟರು. ಹೊರಗೆ ಹೋದರು.

"ತಲೆ ಆಡಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು ದೀನೆ. "ಮಗು ಪಕ್ಕ ಯಾರಿರ್ತಾರೆ?"

"ನೀನಿರ್ತೀಯಲ್ಲ."

"ನಿನ್ನ ಪಕ್ಕ?"

"ಅಲ್ಲೂ ಜನ ಇದ್ದಾರೆ ಬಿಡೆ. ಇಸ್ಪೀಟಿಗೆ ನಾಲ್ಕು ಕೈ ಸಿಕ್ಕೇ ಸಿಗ್ತವೆ."

ದೀನೆ ನಗಲಿಲ್ಲ. ಕಿಟಕಿಯ ಹೊರಗೆ ಪಾದ್ರಿ ಸೈಕಲ್ ಹಿಡಿದು ಇನ್ನೂ ನಿಂತೇ ಇದ್ದರು, ಕಣ್ಣು ಬಾಗಿಲ ಮೇಲೆ. ಒಂದು ಕೂಗು ಹಾಕಿದರೆ ಬಂದಾರು; ಇನ್ನೊಂದು ಸುಳ್ಳನ್ನೂ ನಂಬಿಯಾರು.

ಆ ಬೀದಿಯಲ್ಲಿ ಹಗಲು ಹೊತ್ತು ಪರದೆ ಎಳೆಯುವುದು ಸಾವಾದ ಮನೆಯವರು ಮಾತ್ರ. ದೀನೆ ಕೂಗು ಹಾಕದೆ ಕಿಟಕಿಗೆ ಹೋಗಿ, ಗಂಡ ಇನ್ನೂ ಉಸಿರಾಡುತ್ತಿರುವಾಗಲೇ, ಎರಡೂ ಪರದೆಗಳನ್ನು ಸೇರಿಸಿ ಎಳೆದಳು. ಸ್ವಲ್ಪ ಹೊತ್ತಿನ ಮೇಲೆ ಸೈಕಲ್ಲು ಇಟ್ಟಿಗೆ ಹಾಸಿದ ರಸ್ತೆಯಲ್ಲಿ ಗಡಗಡ ಸದ್ದು ಮಾಡುತ್ತ ದೂರ ಹೋಯಿತು.