ಒಂಬತ್ತನೆಯ ಸಾಲು

ಕಪಾಟಿನ ಬಾಗಿಲು ತೆರೆದಾಗ ಒಳಗೊಬ್ಬ ಹೆಂಗಸು ಮಾತಾಡುತ್ತಿದ್ದಳು.

ಇಂಜಿನಿಯರಳಿಗೆ ಬೇಕಿದ್ದದ್ದು ಉದ್ದನೆಯ ಒಂದು ಕೇಬಲ್, ಅಷ್ಟೆ. ಮೂರು ಗಂಟೆಗೆ ಮೀಟಿಂಗು. ಅಷ್ಟರೊಳಗೆ ಮೀಟಿಂಗ್ ಕೋಣೆಯ ಕ್ಯಾಮೆರಾ ಸರಿಮಾಡಬೇಕಿತ್ತು. ಮುರಿದ ಕೀಬೋರ್ಡು, ಸುತ್ತಿಟ್ಟ ವೈರುಗಳ ನಡುವೆ, ಎರಡು ತಿಂಗಳ ಹಿಂದೆ ಅವಳೇ ಇಟ್ಟು ಮರೆತಿದ್ದ ಪರೀಕ್ಷೆಯ ವಿಡಿಯೋ ಕರೆಯ ಯಂತ್ರ ಬೆಳಗುತ್ತಿತ್ತು. ಅಂಗೈಯಗಲದ ಪರದೆಯಲ್ಲಿ ಬಿಳಿ ಕೋಟಿನ ನಡುವಯಸ್ಸಿನ ನರ್ಸ್. ತುಟಿಗಳು ಆಡುತ್ತಿದ್ದವು, ಸದ್ದಿಲ್ಲ. ಪಕ್ಕದಲ್ಲಿ ಒಬ್ಬ ಮುದುಕ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ. ನರ್ಸ್ ಬ್ಯಾಂಡೇಜು ಬಿಚ್ಚಿ, ಕಾಲ್ಬೆರಳ ಗಾಯವನ್ನು ಪೆನ್ಸಿಲಿನ ತುದಿಯಿಂದ ತೋರಿಸಿದಳು. ಆಮೇಲೆ ಒಂದು ಹಾಳೆ ಎತ್ತಿ ಹಿಡಿದಳು. 'ಡಾಕ್ಟ್ರೇ, ಕಾಣಿಸ್ತಿದ್ಯಾ?' ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಹಾಳೆಯ ಅಂಚುಗಳು ಮುದುರಿ ಕೊಳೆಯಾಗಿದ್ದವು. ಅದು ಇವತ್ತು ಬರೆದದ್ದಲ್ಲ.

ಕಪಾಟಿನೊಳಗೆ ಟ್ಯೂಬ್‌ಲೈಟಿನ ಬೆಳಕು ಬಿದ್ದದ್ದೇ ತಡ, ನರ್ಸ್ ಮುಂದಕ್ಕೆ ಬಾಗಿದಳು. ಮುದುಕನ ಭುಜ ತಟ್ಟಿ, ಇತ್ತ ಬೆರಳು ತೋರಿಸಿ, ಮುಖವೆಲ್ಲ ಅರಳಿಸಿ ನಕ್ಕಳು.

ಇಂಜಿನಿಯರ್ ಬಾಗಿಲು ಮುಚ್ಚಿದಳು.

ಸ್ನಾನದ ಮನೆಗೆ ಯಾರೋ ನುಗ್ಗಿದಾಗ ಮುಚ್ಚುವಂತೆ ಕೈ ತಾನಾಗಿ ಮುಚ್ಚಿತ್ತು. ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ಕಿವಿ ಬಿಸಿಯಾಗಿತ್ತು.

ದೊಡ್ಡಾಸ್ಪತ್ರೆಯನ್ನೂ ಊರೂರಿನ ಒಂಬತ್ತು ಚಿಕ್ಕ ಚಿಕಿತ್ಸಾಲಯಗಳನ್ನೂ ವಿಡಿಯೋದಲ್ಲಿ ಜೋಡಿಸುವ ಡಯಲ್ ಪ್ಲಾನ್ ಅವಳದೇ. ಯಾವ ಕೋಣೆಯಿಂದ ಯಾವ ಅಂಕಿ ಒತ್ತಿದರೆ ಕರೆ ಎಲ್ಲಿಗೆ ಹೋಗಬೇಕು ಎನ್ನುವ ಪಟ್ಟಿ ಅದು. ಸರ್ವರ್ ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ, ಹೊಂದುವ ಸಾಲು ಸಿಕ್ಕ ಕೂಡಲೇ ಕರೆಯನ್ನು ಆ ಕಡೆ ಅಟ್ಟುತ್ತದೆ. ಚಿಕಿತ್ಸಾಲಯದವರು ನೆನಪಿಟ್ಟುಕೊಳ್ಳಲು ಸುಲಭವಾಗಲಿ ಎಂದು ಅವಳು ಒಂದೇ ಅಂಕಿ ಕೊಟ್ಟಿದ್ದಳು: ಐದು ಒತ್ತಿದರೆ ತಜ್ಞ ಡಾಕ್ಟರು. ದಿಕ್ಕು ತಪ್ಪಿದ ಕರೆಗಳು ಎಷ್ಟಿವೆ ನೋಡೋಣ ಎಂದು, ಪಟ್ಟಿಯ ಕೊನೆಗೆ ಒಂದು ತಾತ್ಕಾಲಿಕ ಸಾಲನ್ನೂ ಸೇರಿಸಿದ್ದಳು. ಯಾವುದಕ್ಕೂ ಹೊಂದದ್ದೆಲ್ಲ ಪರೀಕ್ಷೆಯ ಯಂತ್ರಕ್ಕೆ. ತಾನೇ ಕರೆ ಎತ್ತಿಕೊಳ್ಳುವಂತೆ ಯಂತ್ರವನ್ನು ಹೊಂದಿಸಿ, ತಲೆನೋವೆಂದು ಸದ್ದು ಸೊನ್ನೆ ಮಾಡಿ, ಪ್ಲಗ್ಗಿನ ಸಮೇತ ಕಪಾಟಿನಲ್ಲಿಟ್ಟಿದ್ದಳು.

ಕುರ್ಚಿಗೆ ಬಂದು ಪಟ್ಟಿ ತೆರೆದಳು. ಮೊದಲನೆಯ ಚಿಕಿತ್ಸಾಲಯ, ಐದು. ಎರಡನೆಯದು, ಐದು. ಬೆರಳಿಟ್ಟು ಎಣಿಸಿದಳು. ಎಂಟಕ್ಕೆ ಮುಗಿಯಿತು. ಮತ್ತೆ ಎಣಿಸಿದಳು, ಆಗಲೂ ಎಂಟೇ.

ಪರೀಕ್ಷೆ ಮಾಡಿರಲಿಲ್ಲವೆಂದಲ್ಲ. ಇಲ್ಲಿಂದ ಒಂಬತ್ತಕ್ಕೂ ಕರೆ ಮಾಡಿ, ಒಂಬತ್ತು ಮುಖಗಳನ್ನೂ ಕಂಡು, ಟಿಕ್ ಹಾಕಿದ್ದಳು. ಅಲ್ಲಿಂದ ಇಲ್ಲಿಗೆ ಮಾಡಿ ನೋಡಿರಲಿಲ್ಲ.

ಒಂಬತ್ತನೆಯ ಚಿಕಿತ್ಸಾಲಯದ ನರ್ಸ್ ಕರೆಯನ್ನೇ ಮಾಡುವುದಿಲ್ಲ, ಮಾಡಿದೆನೆಂದು ಸುಳ್ಳು ಹೇಳುತ್ತಾಳೆ ಎಂದು ಡಾಕ್ಟರು ದೂರಿದಾಗ ವರದಿ ಬರೆದವಳೂ ಇವಳೇ. ಮೂವತ್ತೊಂದು ಕರೆಗಳ ದಾಖಲೆಯಲ್ಲಿ 'ಸಂಪರ್ಕಗೊಂಡಿದೆ' ಎಂಬ ಒಂದು ಕಾಲಮ್ಮಿನ ಮೇಲಷ್ಟೇ ಕಣ್ಣಾಡಿಸಿ, ಕರೆ ತಲುಪಿದ್ದೆಲ್ಲಿಗೆ ಎಂದು ನೋಡದೆ, 'ಜಾಲದಲ್ಲಿ ದೋಷವಿಲ್ಲ. ಸಿಬ್ಬಂದಿಗೆ ಮರುತರಬೇತಿ ಅಗತ್ಯ' ಎಂದು ಬರೆದಿದ್ದಳು. 'ಮರುತರಬೇತಿ' ಎಂಬ ಪದ ಅವಳಿಗೆ ಅಂದು ಬಹಳ ಹಿಡಿಸಿತ್ತು. ಈಗ ಅದೇ ವರದಿಯ ಆಧಾರದ ಮೇಲೆ ನರ್ಸನ್ನು ಕೆಲಸದಿಂದ ತೆಗೆಯುವ ಮೀಟಿಂಗು.

ಒಂಬತ್ತನೆಯ ಸಾಲು ಬರೆದಳು. ಕೊನೆಯ ಸಾಲು ಅಳಿಸಿದಳು. ಎಲ್ಲ ಸೇರಿ ಎರಡು ನಿಮಿಷ ಹಿಡಿಯಿತು.

ಒಂದು ಗಂಟೆಗೆ ಎಂದಿನಂತೆ ಅಮ್ಮನ ಫೋನು ಬಂತು.

"ಊಟ ಆಯ್ತಾ? ಯಾಕೆ ದನಿ ಹಿಂಗಿದೆ?"

"ಏನಿಲ್ಲಮ್ಮ. ನೀನು ಟೆಲಿಫೋನ್ ಎಕ್ಸ್‌ಚೇಂಜಲ್ಲಿದ್ದಾಗ ತಪ್ಪು ಲೈನ್ ಕೊಟ್ಟಿದ್ದುಂಟಾ?"

"ಲೆಕ್ಕ ಇಟ್ಟಿದ್ದೋರ್ ಯಾರು? ಒಂದ್ಸಲ ಗಂಡು ನೋಡೋ ಮಾತುಕತೆನ ಪೊಲೀಸ್ ಸ್ಟೇಷನ್‌ಗೆ ಕೊಟ್ಬಿಟ್ಟಿದ್ದೆ." ಅಮ್ಮ ಕಿಸಕ್ಕನೆ ನಕ್ಕಳು. "ಆದ್ರೆ ಕೊಟ್ಟು ಓಡಿಹೋಗ್ತಿರ್ಲಿಲ್ಲ ಕಣೇ. ಎರಡೂ ಕಡೆ ಹಲೋ ಅನ್ನೋವರ್ಗೂ ಕಿವಿ ಕೊಟ್ಟು ಕೂತಿರ್ತಿದ್ವಿ. ತಪ್ಪಾದ್ರೆ ಅಲ್ಲೇ ತಪ್ಪಾಯ್ತು ಅಂದ್ರಾಯ್ತು. ಬಾಯಿಗೇನು ಬಾಡಿಗೆ ಕೊಡ್ಬೇಕಾ? ಯಾಕೆ, ಏನಾಯ್ತು?"

"ಸುಮ್ನೆ ಕೇಳ್ದೆ."

ಮೂರು ಗಂಟೆಗೆ ಅವಳು ಮೇಜಿನ ಎಡತುದಿಯ ಕುರ್ಚಿಯಲ್ಲಿ ಕೂತಳು. ಕ್ಯಾಮೆರಾದ ನೋಟ ಎಲ್ಲಿಗೆ ಮುಗಿಯುತ್ತದೆಂದು ಆ ಕಟ್ಟಡದಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ಈ ಕುರ್ಚಿ ಅದರಿಂದ ಒಂದು ಗೇಣು ಆಚೆಗಿತ್ತು. ನೋಟದೊಳಗೆ ಆಸ್ಪತ್ರೆಯ ಆಡಳಿತದ ಸಾಹೇಬರು ಮತ್ತು ತಜ್ಞ ಡಾಕ್ಟರು. ಗೋಡೆಯಗಲದ ಪರದೆಯಲ್ಲಿ ನರ್ಸ್. ಅವಳ ಹಿಂದಿನ ಬೆಂಚಿನಲ್ಲಿ ಸಂಜೆಯ ಬಸ್ಸಿಗೆ ಕಾಯುತ್ತ ಕೂತ ಅದೇ ಮುದುಕ. ಮಡಿಲಲ್ಲಿ ನೋಟ್‌ಬುಕ್ಕಿಟ್ಟುಕೊಂಡು ಇಂಜಿನಿಯರ್ ಒಂದು ವಾಕ್ಯ ಸಿದ್ಧಮಾಡಿದ್ದಳು: 'ಸಣ್ಣ ತಾಂತ್ರಿಕ ತೊಂದರೆ ಇತ್ತು, ಸರಿಪಡಿಸಲಾಗಿದೆ.' ಯಾರಿಗೂ ತಾಗದ, ಎಲ್ಲೂ ಚುಚ್ಚದ ವಾಕ್ಯ.

"ಕರೆ ಮಾಡ್ತಾನೇ ಇದ್ದೆ ಸರ್," ನರ್ಸ್ ಹೇಳುತ್ತಿದ್ದಳು. "ಪರದೆ ಕಪ್ಪಗಿರ್ತಿತ್ತು. ಆ ಕಡೆ ಯಾರೋ ಇದಾರೆ, ನಂಗೆ ಕಾಣಿಸ್ತಿಲ್ಲ ಅಷ್ಟೇ ಅಂದ್ಕೊಂಡು ಎಲ್ಲಾ ತೋರಿಸ್ತಿದ್ದೆ. ಇವತ್ತು ಬೆಳಕು ಬಂತು. ಒಬ್ರು ಕಂಡ್ರು, ಕನ್ನಡಕ ಹಾಕಿದ್ರು. 'ನೋಡಜ್ಜ, ಬಂದ್ರು' ಅಂದೆ. ಅಷ್ಟರಲ್ಲಿ ಬಾಗಿಲು ಹಾಕ್ಬಿಟ್ರು."

"ಈಗ ಬಾಗಿಲು ಬೇರೆ ಬಂತಾ?" ಸಾಹೇಬರು ಡಾಕ್ಟರತ್ತ ತಿರುಗಿದರು. "ನಾಳೆ ಕಿಟಕಿನೂ ಬರುತ್ತೆ ಬಿಡಿ."

ಡಾಕ್ಟರು ನಕ್ಕರು. ನರ್ಸ್ ನಗಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು.

"ಹೇಳಮ್ಮ," ಸಾಹೇಬರು ಎಡಕ್ಕೆ ನೋಡಿದರು. "ವರದಿ ನಿನ್ನದೇ ತಾನೆ?"

ನೋಟ್‌ಬುಕ್ಕಿನ ವಾಕ್ಯ ಅವಳ ನಾಲಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ನರ್ಸಿನ ಕೆಲಸವೂ ಉಳಿಯುತ್ತಿತ್ತು, ಇವಳ ಮಾನವೂ ಉಳಿಯುತ್ತಿತ್ತು. ಆ ಬಾಗಿಲು ಮಾತ್ರ ನರ್ಸಿನ ಸುಳ್ಳಾಗಿಯೇ ಉಳಿಯುತ್ತಿತ್ತು. ಅವಳು ಎದ್ದು, ಕುರ್ಚಿಯನ್ನು ನೆಲಕ್ಕೆ ಕಿರ್ರೆನ್ನಿಸುತ್ತ ಎಳೆದು ತಂದು, ಕ್ಯಾಮೆರಾದ ಎದುರಿಗೆ ಕೂತಳು.

ನರ್ಸ್ ಮುಂದಕ್ಕೆ ಬಾಗಿದಳು, ಬೆಳಗ್ಗೆ ಬಾಗಿದ ಹಾಗೆಯೇ.

"ಬಾಗಿಲು ಹಾಕಿದ್ದು ನಾನು," ಎಂದಳು ಇಂಜಿನಿಯರ್. "ನಿಮ್ಮ ಕರೆಗಳೆಲ್ಲ ನನ್ನ ಕಪಾಟಿಗೆ ಬರ್ತಿದ್ವು. ಪಟ್ಟೀಲಿ ನಿಮ್ಮ ಸಾಲು ಬರೆಯೋದು ಮರ್ತಿದ್ದೆ. ಆಮೇಲೆ ನಿಮಗೇ ತರಬೇತಿ ಬೇಕು ಅಂತ ಬರೆದೆ. ಅವರು ಒಂದೂ ಸುಳ್ಳು ಹೇಳಿಲ್ಲ ಸರ್."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಕೊನೆಗೆ ಬಾಯಿಬಿಟ್ಟವರು ಡಾಕ್ಟರು.

"ಆ ಕಾಲು ತೋರ್ಸಿ ಸಿಸ್ಟರ್."

ಸ್ಟೂಲು ಬಂತು, ಬ್ಯಾಂಡೇಜು ಬಿಚ್ಚಿತು. ಬೆಳಗ್ಗೆ ಅಂಗೈಯಗಲವಿದ್ದದ್ದು ಈಗ ಗೋಡೆಯಗಲವಾಗಿತ್ತು. ಡಾಕ್ಟರು ಎದ್ದು ಪರದೆಯ ಹತ್ತಿರ ಹೋಗಿ ನೋಡಿದರು.

"ನಾಳೆ ಬೆಳಗ್ಗೆಯೇ ಕಳಿಸಿ. ಬೆರಳು ಉಳಿಯೋದು ಕಷ್ಟ. ತಿಂಗಳ ಹಿಂದೆ ನೋಡಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಸಾಹೇಬರು ಫೈಲು ಮುಚ್ಚಿದರು. "ಸಿಸ್ಟರ್, ನಿಮ್ಮ ವಿಷಯ ಇಲ್ಲಿಗೆ ಮುಗೀತು, ಕೆಲಸ ನೋಡ್ಕೊಳ್ಳಿ." ಹೋಗುವಾಗ ಇಂಜಿನಿಯರಳತ್ತ ನೋಡದೆ, "ನಾಳೆ ಬಂದು ಕಾಣು," ಎಂದರು. ಡಾಕ್ಟರೂ ಅವರ ಹಿಂದೆ ಹೊರಟರು.

ಪರದೆಯ ಆಚೆ ಈಚೆ ಇಬ್ಬರು ಹೆಂಗಸರೂ ಆ ಮುದುಕನೂ ಉಳಿದರು.

"ತಪ್ಪಾಯ್ತು," ಎಂದಳು ಇಂಜಿನಿಯರ್.

ನರ್ಸ್ ಅವಳನ್ನೇ ನೋಡಿದಳು. "ಬರೆಯೋದು ಮರೆತ್ರಿ, ಸರಿ. ಯಾರಿಗಾದ್ರೂ ಆಗುತ್ತೆ. ಬೆಳಗ್ಗೆಯಿಂದ ಈ ಅಜ್ಜ ಕೇಳ್ತಾನೇ ಇದಾರೆ, ನಮ್ಮನ್ನ ನೋಡಿ ಯಾಕಮ್ಮ ಬಾಗಿಲು ಹಾಕಿದ್ರು ಅಂತ. ಏನಂತ ಹೇಳ್ಲಿ?"

ಇವಳು ತಲೆ ತಗ್ಗಿಸಿದಳು. ಮತ್ತೆ ಎತ್ತುವಷ್ಟರಲ್ಲಿ ನರ್ಸಿನ ಕೈ ಪರದೆಯ ತುಂಬ ಬಂದಿತ್ತು. ಆಕೆ ಕರೆ ಕತ್ತರಿಸಲಿಲ್ಲ. ಒಂದು ಟವೆಲನ್ನು ಕ್ಯಾಮೆರಾದ ಮೇಲೆ ಹೊದಿಸಿದಳು.

ಗೋಡೆಯಗಲ ಕತ್ತಲೆ. ಮೂಲೆಯಲ್ಲಿ ಬಿಳಿ ಅಂಕಿಗಳು, ಕರೆಯ ಹೊತ್ತು ಎಣಿಸುತ್ತ ಓಡುತ್ತಿದ್ದವು. ಸ್ಟೂಲು ಸರಿದ ಸದ್ದು ಬಂತು, ಹತ್ತಿ ಹರಿದ ಸದ್ದು ಬಂತು. "ಕಾಲು ಈ ಕಡೆ ಕೊಡಜ್ಜ. ಉರಿಯುತ್ತೆ, ಸ್ವಲ್ಪ ತಡ್ಕೋ." ಮುದುಕ ಹಲ್ಲು ಕಚ್ಚಿ ಉಸಿರೆಳೆದುಕೊಂಡ.

ಕರೆ ಮುಗಿಸುವ ಕೆಂಪು ಗುಂಡಿ ಅವಳ ಬಲಗೈಯ ಪಕ್ಕದಲ್ಲೇ ಇತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಪ್ಪು ಪರದೆಗೆ ಮುಖ ಕೊಟ್ಟು ಕೂತಳು.