ಹುಡುಕಪ್ಪನ ಒಂದು ವಾಕ್ಯ

ಅವರ ಅಡುಗೆಮನೆಯ ಸಕ್ಕರೆ ಡಬ್ಬಿಯ ಮೇಲೆ 'ಸಕ್ಕರೆ' ಎಂದು ಬರೆದಿರಲಿಲ್ಲ, 'ಚಹಾಕ್ಕೆ ಏನು ಹಾಕಲಿ?' ಎಂದು ಬರೆದಿತ್ತು. ಔಷಧದ ಪೆಟ್ಟಿಗೆಯ ಮೇಲೆ 'ತಲೆ ಸಿಡಿಯುತ್ತಿದೆಯೇ?', ಬೀಗದ ಕೈಗಳನ್ನು ತೂಗುಹಾಕುವ ಮೊಳೆಯ ಕೆಳಗೆ 'ಎಲ್ಲಿಟ್ಟೆ?' ಎಂದಿತ್ತು. ವಸ್ತುವಿನ ಹೆಸರು ಅದನ್ನು ಇಟ್ಟವನಿಗೆ ಗೊತ್ತಿರುತ್ತದೆ, ಹುಡುಕುವವನ ಬಾಯಲ್ಲಿರುವುದು ಪ್ರಶ್ನೆ ಮಾತ್ರ ಎಂಬುದು ಅವರ ಅಚಲ ಸಿದ್ಧಾಂತ. ಮದುವೆಯ ಹೊಸತರಲ್ಲೇ ನಾದಿನಿ ಇಟ್ಟ ಹುಡುಕಪ್ಪ ಎಂಬ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಹೆಂಡತಿಯೂ "ಹುಡುಕಪ್ಪನವ್ರೇ, ಊಟಕ್ಕೆ ಬರ್ತೀರಾ?" ಎನ್ನುತ್ತಿದ್ದರು.

ಅಂಗಡಿಗಳ ವೆಬ್‌ಸೈಟುಗಳನ್ನು ತಿದ್ದಿ ತೀಡಿ, ಅಂತರ್ಜಾಲದಲ್ಲಿ ಹುಡುಕುವವರ ಕಣ್ಣಿಗೆ ಅವೇ ಮೊದಲು ಬೀಳುವಂತೆ ಮಾಡುವುದು ಅವರ ಕಸುಬು. ಅವರ ಕಚೇರಿ ನನ್ನ ಕೋಣೆಗೆ ಅಂಟಿಕೊಂಡೇ ಇದ್ದುದರಿಂದ ಹದಿನಾಲ್ಕು ವರ್ಷ ಅವರನ್ನು ನೋಡುವ ಭಾಗ್ಯ ನನ್ನದಾಯಿತು. ಮೊಣಕೈ ಸವೆದ ಬೂದುಬಣ್ಣದ ಕೋಟು, ಅದರ ಜೇಬಿನ ತುಂಬ ಚೀಟಿಗಳು, ನಾಲ್ಕು ಹೆಜ್ಜೆ ನಡೆದು ಐದನೆಯದಕ್ಕೆ ನಿಂತು ಯಾವುದೋ ಅಂಗಡಿಯ ಫಲಕ ಓದಿ "ಛೇ, ಹೀಗೆ ಯಾರು ಕೇಳ್ತಾರೆ?" ಎಂದು ತಲೆಯಾಡಿಸುವ ನಡಿಗೆ. ಅವರ ಜೊತೆ ಹೊರಟರೆ ಬಸ್ಸು ತಪ್ಪುವುದು ಖಂಡಿತ.

ಪುಟದ ತುಂಬ ಕೀವರ್ಡುಗಳೆಂಬ ಹುಡುಕುಪದಗಳನ್ನು ತುರುಕಿ ಕೈತೊಳೆದುಕೊಳ್ಳುವ ಕಸುಬುದಾರರ ನಡುವೆ ಇವರು ಅಂಗಡಿಯ ಮೂಲೆಯಲ್ಲಿ ಕುಳಿತು ಗಿರಾಕಿಗಳ ಮಾತಿಗೆ ಕಿವಿಗೊಟ್ಟು ಬರೆದುಕೊಳ್ಳುತ್ತಿದ್ದರು. ಕಾಲಿನ ಉದ್ದ ಹೆಚ್ಚುಕಡಿಮೆ ಇದ್ದವರಿಗೆ ಪಾದರಕ್ಷೆ ಹೊಲಿಯುವ ಹೆಂಗಸೊಬ್ಬರ ಅಂಗಡಿಯಲ್ಲಿ ಎರಡು ದಿನ ಕೂತು, 'ಒಂದು ಕಾಲು ಗಿಡ್ಡ ಇದೆ, ಯಾವ ಬೂಟು ಹಾಕಲಿ?' ಎಂಬುದನ್ನೇ ಪುಟದ ನೆತ್ತಿಗೇರಿಸಿದರು. ಅಲ್ಲಿಂದ ಆಕೆಗೆ ಪುರುಸೊತ್ತೇ ಇಲ್ಲದಂತಾಯಿತು.

ಆಮೇಲೆ ಕಾಲ ಬದಲಾಯಿತು. ದಾರಿ ತೋರಿಸುತ್ತಿದ್ದ ಸರ್ಚ್ ಎಂಜಿನ್ ಎಲ್ಲರ ಪುಟಗಳನ್ನೂ ಓದಿಕೊಂಡು ತಾನೇ ಉತ್ತರ ಹೇಳತೊಡಗಿತು. ಉತ್ತರ ಅಂಗೈಯಲ್ಲೇ ಸಿಕ್ಕಮೇಲೆ ಪುಟ ತೆರೆಯುವವರು ಯಾರು? "ಅಪ್ಪಾ, ನಿಮ್ಮ ಕೆಲಸದ ಕಾಲ ಮುಗೀತು, ಬೇರೆ ಏನಾದ್ರೂ ನೋಡಿ," ಎಂದಳು ಮಗಳು. ಅವರೂ ಒಪ್ಪಿದರು. ಉಳಿದ ನಾಲ್ಕಾರು ಅಂಗಡಿಗಳಿಗೆ ತಾವೇ ಹೋಗಿ ಇನ್ನು ತಮ್ಮ ಅಗತ್ಯವಿಲ್ಲವೆಂದು ಹೇಳಿಬರಲು ಹೊರಟಾಗ ನನ್ನನ್ನೂ ಕರೆದೊಯ್ದರು.

ಪಾದರಕ್ಷೆಯ ಅಂಗಡಿಯಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಶಿಕ್ಷಕಿಯೊಬ್ಬರು ಕುಳಿತಿದ್ದರು. ಬೂಟಿನೊಳಗೆ ಎರಡು ಬೆರಳು ದಪ್ಪದ ಅಟ್ಟೆ ಇಟ್ಟುಕೊಂಡು ಮೆಟ್ಟಿಲಿಳಿಯುವಾಗ ಹಿಮ್ಮಡಿ ಜಾರಿ ಬಿದ್ದಿದ್ದರಂತೆ.

"ಅರ್ಧ ಬೆರಳಿಗಿಂತ ಹೆಚ್ಚು ಬೇಕಾದ್ರೆ ಬೂಟಿನ ಅಡಿಗೇ ಹಾಕ್ಬೇಕಮ್ಮ. ಒಳಗೆ ಇಡೋಕೆ ಯಾರು ಹೇಳಿದ್ರು ನಿಮಗೆ?" ಎಂದರು ಅಂಗಡಿಯಾಕೆ.

"ಫೋನಲ್ಲಿ ಕೇಳ್ದೆ. ಕಾಲು ಎಷ್ಟು ಗಿಡ್ಡ ಇದ್ರೂ ಅಷ್ಟು ದಪ್ಪದ ಅಟ್ಟೆ ಒಳಗಿಟ್ರೆ ಸಾಕು ಅಂತು," ಎಂದು ಶಿಕ್ಷಕಿ ತೋರಿಸಿದರು.

ಹುಡುಕಪ್ಪ ಫೋನು ತೆಗೆದುಕೊಂಡು ಎರಡು ಸಲ ಓದಿದರು. ಪುಟ ತೀರ ಚಿಕ್ಕದಾಯಿತೆಂದು, ಅಂಗಡಿಯಾಕೆಯನ್ನು ಕೇಳದೆ, ಹಿಂದೊಮ್ಮೆ ತಾವೇ ಅಂದಾಜಿನ ಮೇಲೆ ಕೊನೆಗೆ ಸೇರಿಸಿದ್ದ ವಾಕ್ಯವದು. ಮೊದಲಾದರೆ ಅದನ್ನು ಓದಿದವರು ಅಂಗಡಿಗೆ ಬರುತ್ತಿದ್ದರು, ಆಕೆಯ ಕೈ ತಪ್ಪನ್ನು ಸರಿಪಡಿಸಿಬಿಡುತ್ತಿತ್ತು. ಈಗ ವಾಕ್ಯ ಒಂಟಿಯಾಗಿ ಊರೂರು ಅಲೆಯುತ್ತಿತ್ತು.

"ಫೋನಲ್ಲ ತಾಯಿ, ಅದನ್ನ ಹೇಳಿದ್ದು ನಾನು," ಎಂದರು.

ಅಂದೇ ಪುಟ ತಿದ್ದಿದರು. ಯಂತ್ರ ಮಾತ್ರ ಹಳೆಯದನ್ನೇ ಒದರುತ್ತಿತ್ತು. ಪ್ರತಿ ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ಅದೇ ಪ್ರಶ್ನೆ ಕೇಳುವರು, ಅದೇ ಉತ್ತರ ಬಂದಾಗ ತಲೆಯ ಮೇಲೆ ಕೈಹೊತ್ತು ಕೂರುವರು. ಆ ವಾಕ್ಯವನ್ನು ನಕಲು ಮಾಡಿದ್ದ ಪುಟಗಳವರಿಗೆಲ್ಲ ಪತ್ರ ಬರೆದರು, ಫೋನು ಮಾಡಿ ಗೋಗರೆದರು, ಒಬ್ಬನಿಂದ ಚೆನ್ನಾಗಿ ಬೈಸಿಕೊಂಡರು.

"ಅದು ನೀವು ಬರೆದದ್ದು ಅಂತ ಯಾರಿಗೆ ಗೊತ್ತಾಗುತ್ತೆ? ಬಿಟ್ಟುಬಿಡಿ," ಎಂದೆ.

"ಮೆಟ್ಟಿಲಿಳಿಯೋರಿಗೆ ಗೊತ್ತಾಗುತ್ತಲ್ಲ," ಎಂದರು. ನನಗೆ ನಾಚಿಕೆಯಾಯಿತು, ಆ ಮನುಷ್ಯನ ಮೇಲೆ ಪ್ರೀತಿಯೂ ಉಕ್ಕಿತು.

ಇಪ್ಪತ್ತಮೂರನೆಯ ಬೆಳಿಗ್ಗೆ ಯಂತ್ರ ಅರ್ಧ ಬೆರಳು ಎಂದಿತು. ಓಡಿಬಂದು ನನ್ನ ಬಾಗಿಲು ಬಡಿದು, ನನ್ನಿಂದ ಮೂರು ಸಲ ಗಟ್ಟಿಯಾಗಿ ಓದಿಸಿದರು. ಅಂದು ಆ ಪುಟಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಮರುವಾರ ಅವರು ಕಚೇರಿ ಖಾಲಿ ಮಾಡಿದರು.

ಆ ಕಸುಬು ಸತ್ತಿತೋ ಬದುಕಿದೆಯೋ ಎಂದು ಬಲ್ಲವರು ಈಗಲೂ ವಾದಿಸುತ್ತಾರೆ, ನನಗೆ ತಿಳಿಯದು. ಕಸುಬು ತಮ್ಮನ್ನು ಕೈಬಿಟ್ಟರೂ ತಾವಾಡಿದ ಮಾತನ್ನು ಕೈಬಿಡದ ಮಂದಿ ಇದ್ದಾರೆ, ಅಷ್ಟು ಬಲ್ಲೆ. ನಾವು ನಂಬಿ ಹೆಜ್ಜೆಯಿಡುವ ಎಷ್ಟೋ ಮಾತುಗಳನ್ನು ಹೀಗೆ ಯಾರೋ ಹೆಸರಿಲ್ಲದವರು ಬೆಳಗಿನಿಂದ ಬೆಳಗಿಗೆ ಕಾದು ಸರಿಪಡಿಸಿರುತ್ತಾರೆ. ನಾವು ಬೀಳುವುದಿಲ್ಲ, ಅದಕ್ಕೇ ಅವರನ್ನು ನೆನೆಯುವುದೂ ಇಲ್ಲ.